ಹೂಂಗುಟ್ಟುವವನು

ಯಾರೂ ಏನೂ ಹೇಳಿರಲಿಲ್ಲ, ಆದರೂ ಸ್ವರೂಪ ಹಲ್ಲುಜ್ಜುತ್ತ ಹೂಂ ಎಂದ. ಬಾಯಿ ತುಂಬ ನೊರೆ ಇತ್ತು, ನಲ್ಲಿ ಸುರಿಯುತ್ತಿತ್ತು, ಪಕ್ಕದ ಮನೆಯ ಕುಕ್ಕರು ಆಗಷ್ಟೇ ಒಂದು ಸಲ ಕೂಗಿ ಸುಮ್ಮನಾಗಿತ್ತು. ಕುಕ್ಕರಿಗೂ ಹೂಂ ಅನ್ನುವ ಹಾಗಾಯಿತಲ್ಲ ತನ್ನ ಬಾಳು ಎಂದು ನಗು ಬಂತು. ಆ ನಗು ಕನ್ನಡಿಯಲ್ಲಿ ಕಂಡ ಕೂಡಲೇ ನಾಚಿಕೆಯಾಯಿತು. ಇವತ್ತು ಊಟದ ನಂತರ ಮ್ಯಾನೇಜರ್ ಪ್ರೇಮ್‌ಕುಮಾರ್ ಅವರ ಕೋಣೆಯಲ್ಲಿ ಮೀಟಿಂಗು. ತನಗೆ ಕೆಲಸ ಕಲಿಸಿದ ಅಮಲರಾಜ್ ಸರ್ ಅಲ್ಲಿರುತ್ತಾರೆ, ಎಚ್‌ಆರ್‌ನ ಪ್ರೇಮಲೀಲಾ ಮೇಡಂ ಇರುತ್ತಾರೆ, ತಾನೂ ಇರಬೇಕು. ಹೇಳಬೇಕಾದ್ದು ಒಂದೇ ಮಾತು, ಸರ್, ತಪ್ಪು ನನ್ನದು. ಅದನ್ನು ಹೇಳಿದರೆ ಈ ತಿಂಗಳು ಕಾಯಂ ಆಗಬೇಕಾದ ತನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅಮಲರಾಜರದು ಹೋಗುತ್ತದೆ. ಇಷ್ಟು ಸರಳವಾಗಿರುವ ವಿಷಯಕ್ಕೆ ರಾತ್ರಿಯೆಲ್ಲ ಯಾಕೆ ಹೊರಳಾಡಿದೆನೆಂದು ಅವನಿಗೇ ತಿಳಿಯಲಿಲ್ಲ. ಕನ್ನಡಿಯ ಮುಂದೆ ಒಂದು ಸಲ ಹೇಳಿ ನೋಡಿದ. ನೊರೆಯಲ್ಲಿ ಏನೂ ಸ್ಪಷ್ಟವಾಗಿ ಕೇಳಲಿಲ್ಲ. ಬಾಯಿ ಮುಕ್ಕಳಿಸಿ ಇನ್ನೊಮ್ಮೆ ಹೇಳೋಣವೆಂದುಕೊಂಡವನು ಮುಕ್ಕಳಿಸಿದ ಮೇಲೆ ಹೇಳಲಿಲ್ಲ, ಹೊತ್ತಾಯಿತೆಂದು ಷರಟು ಹುಡುಕಲು ಹೋದ.

ಮೈಸೂರಿನ ದಟ್ಟಗಳ್ಳಿಯ ಬಾಡಿಗೆ ಕೋಣೆಯಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ರಿಂಗ್ ರಸ್ತೆ ಹಿಡಿದರೆ ಬೈಕು ತಾನಾಗಿಯೇ ಹೋಗುತ್ತದೆ, ತಲೆಗೆ ಕೆಲಸವಿಲ್ಲ. ಕೆಲಸವಿಲ್ಲದ ತಲೆಯೊಳಗೆ ಕೆಂಚಮ್ಮಜ್ಜಿ ಬಂದು ಕೂತಳು. ಅಜ್ಜಿ ಕತೆ ಹೇಳುವಾಗ ಯಾರಾದರೂ ಒಬ್ಬರು ಹೂಂಗುಟ್ಟಲೇಬೇಕಿತ್ತು. 'ಊಂಗುಟ್ಟೋರಿಲ್ದೆ ಇದ್ರೆ ನಾನೇನು ಗ್ವಾಡೆಗೆ ಏಳ್ಲಾ ಕತೆಯ?' ಎಂದು ನಡುವೆಯೇ ನಿಲ್ಲಿಸಿಬಿಡುತ್ತಿದ್ದಳು. ಉಳಿದ ಮಕ್ಕಳು ರಾಜನ ಮದುವೆಗೆ ಮೊದಲೇ ನಿದ್ದೆ ಹೋಗುತ್ತಿದ್ದರು. ಕೊನೆಯವರೆಗೆ ಹೂಂ ಎನ್ನುತ್ತಿದ್ದವನು ಸ್ವರೂಪ ಒಬ್ಬನೇ, ಹಾಗೆಂದು ಇಡೀ ಬೀದಿಗೆ ಅವನ ಹೆಸರು. ನಿಜ ಏನೆಂದರೆ ಅವನೂ ನಿದ್ದೆ ಹೋಗಿರುತ್ತಿದ್ದ. ನಿದ್ದೆಯಲ್ಲೇ, ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತ ಕಡೆಯಲ್ಲೆಲ್ಲ ಸರಿಯಾಗಿ, ಒಂದೂ ತಪ್ಪದಂತೆ ಹೂಂ ಎನ್ನುವುದನ್ನು ಕಲಿತುಬಿಟ್ಟಿದ್ದ. ಒಂದು ಸಲ ಅಜ್ಜಿಗೆ ಅನುಮಾನ ಬಂದು 'ಆಮೇಲೆ ರಾಜ ಸಗಣಿ ತಿಂದ' ಎಂದಳಂತೆ. ಇವನು ಊಂ ಎಂದನಂತೆ. ಬೆಳಿಗ್ಗೆ ಅದನ್ನು ಎಲ್ಲರಿಗೂ ಹೇಳಿ ನಕ್ಕಳು. 'ನಿದ್ದೇಲೂ ಊಂಗುಡ್ತದೆ ನನ್ ಕೂಸು, ಎಷ್ಟು ಮರ್ವಾದೆ ನೋಡಿ ಅದ್ಕೆ' ಎಂದು ಗಲ್ಲ ಹಿಂಡಿದಳು. ಹಾಗೆ ಪಡೆದ ಮರ್ಯಾದಸ್ಥನೆಂಬ ಹೆಸರು ಶಾಲೆಯಲ್ಲೂ ನಡೆಯಿತು, ಕಾಲೇಜಿನಲ್ಲೂ ನಡೆಯಿತು. ಮೇಷ್ಟರು ಅರ್ಥವಾಯಿತೇನೋ ಎಂದರೆ ಹೂಂ. ಎದ್ದು ನಿಂತು ಇಲ್ಲ ಎಂದವರಿಗೆ ಬೈಗುಳ ಬೀಳುತ್ತಿತ್ತು, ಇವನಿಗೆ ಎಂದೂ ಬೀಳಲಿಲ್ಲ.

ಅವನ ಕಂಪನಿ ಮಾಡುವುದು ತೂಕದ ಯಂತ್ರ. ಚಿನ್ನದಂಗಡಿಗೆ, ಔಷಧಿ ಕಾರ್ಖಾನೆಗೆ ಹೋಗುವ ಸೂಕ್ಷ್ಮದವು. ಹೊರಗೆ ಕಳಿಸುವ ಮೊದಲು ಒಂದೊಂದು ಯಂತ್ರದ ಮೇಲೂ ಪಕ್ಕಾ ತೂಕದ ಕಲ್ಲುಗಳನ್ನಿಟ್ಟು, ಅದು ಎಷ್ಟು ತೋರಿಸುತ್ತದೆಂದು ಓದಿ, ಕಂಪ್ಯೂಟರಿಗೆ ಏರಿಸಿ, ಸರ್ಟಿಫಿಕೇಟು ಕೊಡಬೇಕು. ಗಾಜಿನ ಕೋಣೆಯಲ್ಲಿ ಆ ಕೆಲಸ ಮಾಡುವವರು ಅಮಲರಾಜ್ ಮತ್ತು ಸ್ವರೂಪ. ಸ್ವರೂಪ ಹುಟ್ಟುವ ಮೊದಲಿನಿಂದಲೂ ಅಮಲರಾಜರು ಅಲ್ಲೇ. ಅವರು ಚಿಮಟದಲ್ಲಿ ಕಲ್ಲಿಟ್ಟು ಅಂಕಿಯನ್ನು ಗಟ್ಟಿಯಾಗಿ ಓದಬೇಕು, ಇವನು ಬೆನ್ನು ತಿರುಗಿಸಿ ಕೂತು ಟೈಪು ಮಾಡಿ ಹೂಂ ಎನ್ನಬೇಕು, ಆಮೇಲೆ ಮುಂದಿನ ಕಲ್ಲು. ಮೊದಲ ದಿನವೇ ಹೇಳಿದ್ದರು. 'ನೀನು ಹೂಂ ಅಂದ್ರೇನೇ ನಾನು ಕಲ್ಲು ಎತ್ತೋದು ಕಣೋ. ಎತ್ತಿದ್ ಮೇಲೆ ಆ ಅಂಕಿ ಹೋಯ್ತು. ಆಮೇಲೆ ಅದು ಇರೋದು ನಿನ್ ಹತ್ರ ಮಾತ್ರ.' ಕಂಪನಿಯ ಯಾವ ನಿಯಮದಲ್ಲೂ ಇಲ್ಲದ ರೂಢಿ ಅದು, ಅವರಿಬ್ಬರದು. ಸ್ವರೂಪನಿಗೆ ತನ್ನ ಈ ಒಂದು ವಿದ್ಯೆಯೂ ಎಲ್ಲೋ ಒಂದು ಕಡೆ ಬೇಕಾಯಿತಲ್ಲ ಎಂದು ಖುಷಿಯಾಗಿತ್ತು, ಇವರನ್ನು ಬಿಟ್ಟು ಎಲ್ಲೂ ಹೋಗಬಾರದೆನಿಸಿತ್ತು. ಅಮಲರಾಜರ ಹೆಂಡತಿ ಅಗ್ನೆಸ್ ಡಬ್ಬಿಯಲ್ಲಿ ಇವನಿಗೆಂದೇ ಒಂದು ಪಾಲು ಹೆಚ್ಚಿಗೆ ಹಾಕಿ ಕಳಿಸುತ್ತಿದ್ದಳು.

ಪ್ರೇಮಲೀಲಾ ಮೇಡಂ ಹೊಸಬರಿಗೆಲ್ಲ ತರಬೇತಿ ಇಟ್ಟದ್ದು ಆಮೇಲೆ. ಕೆಲಸಕ್ಕೆ ಸೇರಿದವರು ಹೇಗೆ ನಿಲ್ಲಬೇಕು, ಹೇಗೆ ಕೈಕುಲುಕಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಗೆ ಧೈರ್ಯವಾಗಿ ಹೇಳಬೇಕು ಎಂದು ಗೋಡೆಯ ಮೇಲೆ ಬಣ್ಣಬಣ್ಣದ ಸ್ಲೈಡು ಬಿಟ್ಟು ಹೇಳುತ್ತಿದ್ದರು. ಒಳ್ಳೆಯ ಮಾತುಗಳೇ, ಒಂದೂ ಸುಳ್ಳಲ್ಲ. ಎಲ್ಲದಕ್ಕೂ ಸ್ವರೂಪ ಊಂ, ಊಂ ಎನ್ನುತ್ತ ತಲೆಯಾಡಿಸುತ್ತಿದ್ದ. ಅವರು ತಟ್ಟನೆ ನಿಲ್ಲಿಸಿದರು. 'ಯಾರ್ರೀ ಅದು, ಕೋಲೆಬಸವ?' ಎಲ್ಲರೂ ತಿರುಗಿ ನೋಡಿದರು. 'ಎದ್ದು ನಿಂತ್ಕೊಳ್ಳಿ. ಊಂ ಅಂದ್ರೇನು? ಯೆಸ್ಸಾ, ನೋನಾ?' ಅವನು 'ಅಂಗಲ್ಲ ಮೇಡಂ' ಎಂದ. 'ಅಂಗಲ್ಲ ಅಲ್ಲ, ಹಾಗಲ್ಲ. ಹ. ಹೇಳಿ, ಹ.' ಅವನು ಹ ಎಂದ. ಪಕ್ಕದಲ್ಲಿದ್ದ ಮಾನಸ ಎಂಬ ಹುಡುಗಿ, ಹಿಂದಿನ ದಿನವಷ್ಟೇ ಇವನ ಜೊತೆ ಕಾಫಿ ಕುಡಿದವಳು, ಬಾಯಿಗೆ ಕರ್ಚೀಫು ಒತ್ತಿಕೊಂಡಳು. ಇಷ್ಟು ವಯಸ್ಸಿಗೆ ಒಂದು ಅಕ್ಷರ ತಿದ್ದಿಸಿಕೊಂಡು ಕೂತದ್ದು, ಅದೂ ಉಸಿರಿನಂಥ ಒಂದು ಅಕ್ಷರ. ಅದೇ ಮಧ್ಯಾಹ್ನ ಅವನು ಗಾಜಿನ ಕೋಣೆಗೆ ಹೋಗಿ ಕೂತಾಗ ಕಿವಿ ಇನ್ನೂ ಬಿಸಿಯಾಗಿತ್ತು. ಅಮಲರಾಜರು ಓದಿದರು, ಅವನು ಹೂಂ ಎಂದ. ಓದಿದರು, ಹೂಂ ಎಂದ. ಆದರೆ ತಲೆಯೊಳಗೆ ಅವನು ತರಬೇತಿ ಕೋಣೆಯಲ್ಲೇ ಎದ್ದು ನಿಂತಿದ್ದ, ಆಗ ಹೊಳೆಯದ ಉತ್ತರಗಳನ್ನೆಲ್ಲ ಈಗ ಮೇಡಂಗೆ ಕೊಡುತ್ತಿದ್ದ, ಮಾನಸ ಬೆರಗಾಗಿ ನೋಡುತ್ತಿದ್ದಳು. ಎಚ್ಚರಾದಾಗ ಪರದೆಯ ಮೇಲೆ ಒಂದಷ್ಟು ಸಾಲು ಖಾಲಿ ಇದ್ದವು. ಹಿಂದೆ ಅಮಲರಾಜರು ಕಲ್ಲುಗಳನ್ನು ಒರೆಸಿ ಪೆಟ್ಟಿಗೆಗೆ ಇಡುತ್ತ 'ಆಯ್ತೇನೋ?' ಎಂದರು. ಸರ್, ನಾನು ಕೇಳಿಸಿಕೊಳ್ಳಲಿಲ್ಲ, ಇನ್ನೊಂದು ಸಲ ಓದಿ ಎಂದಿದ್ದರೆ ಅವರು ಗೊಣಗುತ್ತ ಮತ್ತೆ ಪೆಟ್ಟಿಗೆ ತೆರೆಯುತ್ತಿದ್ದರು, ಅಷ್ಟೇ. ಆದರೆ ಒಂದೇ ದಿನದಲ್ಲಿ ಇನ್ನೊಂದು ಸಲ ದಡ್ಡನಾಗಲು ಅವನಿಗೆ ಮನಸ್ಸು ಬರಲಿಲ್ಲ. ಹೂಂ ಎಂದ. ಹಿಂದಿನ ಯಂತ್ರದ ಅಂಕಿಗಳನ್ನೇ ಸ್ವಲ್ಪ ಅತ್ತಿತ್ತ ಮಾಡಿ ಖಾಲಿ ಸಾಲು ತುಂಬಿಸಿದ.

ಆ ಯಂತ್ರಗಳು ಔಷಧಿ ಕಾರ್ಖಾನೆಯೊಂದರಿಂದ ವಾಪಸು ಬಂದವು. ಯಂತ್ರ ತೋರಿಸುವುದಕ್ಕೂ ಸರ್ಟಿಫಿಕೇಟಿನಲ್ಲಿರುವುದಕ್ಕೂ ತಾಳೆಯಿಲ್ಲ ಎಂದು ಅವರು ಬಿಡಿಸಿ ಬರೆದಿದ್ದರು. ಪ್ರೇಮ್‌ಕುಮಾರ್ ಸ್ವರೂಪನೊಬ್ಬನನ್ನೇ ಕೋಣೆಗೆ ಕರೆಸಿ, ಕುರ್ಚಿ ತೋರಿಸಿ, ಬಾಗಿಲು ಹಾಕಿ, ಬಹಳ ಮೃದುವಾಗಿ ಮಾತಾಡಿದರು. 'ಅಮಲರಾಜ್‌ಗೆ ವಯಸ್ಸಾಯ್ತು, ಅಲ್ವಾ?' ಹೂಂ. 'ಕಣ್ಣು ಮೊದಲಿನ ಥರ ಇಲ್ಲ. ಪಾಪ, ಹೇಳ್ಕೊಳ್ಳಲ್ಲ.' ಹೂಂ. 'ಅವರು ಓದಿದ್ದನ್ನ ನೀವು ಟೈಪ್ ಮಾಡ್ತೀರಿ. ಅವರು ತಪ್ಪು ಓದಿದ್ರೆ ನೀವಾದ್ರೂ ಏನ್ ಮಾಡ್ತೀರಿ.' ಹೂಂ. ಅವನು ಒಪ್ಪಿರಲಿಲ್ಲ, ದೊಡ್ಡವರು ಮಾತಾಡುವಾಗ ನಡುವೆ ಗಾಳಿಯಾಡಲು ಬಿಡಬಾರದೆಂದು ಹೂಂಗುಟ್ಟಿದ್ದ. ಹೀಗೆಂದು ಅವನು ಅಂದಿನಿಂದ ತನಗೆ ತಾನೇ ಹೇಳಿಕೊಂಡಿದ್ದಾನೆ, ಬೈಕಿನ ಮೇಲೆ, ಊಟದ ಮುಂದೆ. ಆದರೆ ಅದು ಪೂರ್ತಿ ನಿಜವಲ್ಲ. ಕೊನೆಯ ಹೂಂ ಅನ್ನುವಾಗ ಎದೆಯೊಳಗೆ ಏನೋ ಬಿಗಿ ಸಡಿಲವಾಗಿತ್ತು, ಬಿಸಿಲಿನಿಂದ ನೆರಳಿಗೆ ಬಂದ ಹಾಗೆ. ಹೊರಗೆ ಬಂದವನು ಕ್ಯಾಂಟೀನಿನಲ್ಲಿ ಎರಡು ಮಸಾಲೆ ವಡೆ ತಿಂದಿದ್ದ. ಆ ವಡೆಗಳ ರುಚಿ ನೆನಪಾದಾಗಲೆಲ್ಲ ಅವನಿಗೆ ತನ್ನ ಮೇಲೆ ಹೇಸಿಗೆಯಾಗುತ್ತದೆ.

ಕಂಪನಿಯ ಗೇಟಿನಲ್ಲಿ ಬೈಕು ನಿಲ್ಲಿಸುತ್ತ ಸರ್, ತಪ್ಪು ನನ್ನದು ಎಂದುಕೊಂಡ. ಗಾಜಿನ ಕೋಣೆಯಲ್ಲಿ ಅಂದು ಕೆಲಸವಿರಲಿಲ್ಲ, ಮೀಟಿಂಗು ಮುಗಿಯುವವರೆಗೆ ಬೀಗ. ಮಧ್ಯಾಹ್ನ ಕ್ಯಾಂಟೀನಿನ ಮೂಲೆಯಲ್ಲಿ ಅಮಲರಾಜರು ಡಬ್ಬಿ ಬಿಚ್ಚಿ ಮುಚ್ಚಳದಲ್ಲಿ ಇವನ ಪಾಲು ತೆಗೆದಿಟ್ಟಿದ್ದರು. ಎಂದಿನಂತೆ ಅಗ್ನೆಸ್ ಮಾಡಿದ ಕೋಳಿಸಾರು, ಅದರಲ್ಲಿ ಕಾಲಿನ ತುಂಡು ಇವನಿಗೆ. ಅವರ ಮುಖ ಎರಡು ದಿನ ಜ್ವರ ಬಂದವರಂತೆ ಇಳಿದಿತ್ತು.

'ತಿನ್ನೋ. ಮೀಟಿಂಗ್‌ಗೆ ಹಸ್ಕೊಂಡು ಹೋಗ್ಬಾರ್ದು.'

'ಹೂಂ ಸರ್.'

'ಒಂದು ಮಾತು ಕೇಳ್ತೀನಿ ಸ್ವರೂಪ. ಅವ್ರಿಗೆ ಏನ್ ಹೇಳ್ತೀಯೋ ಅದು ಬುಡು. ನಂಗೆ ಹೇಳು. ನಾನು ಅವತ್ತು ಸರಿಯಾಗಿ ಓದಿದ್ನಾ?'

ಸ್ವರೂಪನ ಕೈಯಲ್ಲಿ ತುತ್ತು ನಿಂತಿತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು ಎನ್ನುತ್ತಾರಲ್ಲ, ನುಂಗುವಂತಿಲ್ಲ ಉಗುಳುವಂತಿಲ್ಲ.

'ನಂಗೆ ಸರಿಯಾಗೇ ಓದ್ದೆ ಅನ್ಸುತ್ತೆ,' ಅಮಲರಾಜರು ಅವನನ್ನು ನೋಡದೆ ಅನ್ನ ಕಲಸುತ್ತ ಹೇಳಿದರು. 'ಆದ್ರೆ ಎಲ್ರೂ ಕಣ್ಣು ಕಣ್ಣು ಅಂತಾ ಇದಾರೆ. ನಿನ್ನೆ ಮನೇಲಿ ಬೈಬಲ್ ತಗೊಂಡು ಓದ್ದೆ, ಸಣ್ಣ ಅಕ್ಷರದ್ದು. ಚೆನ್ನಾಗೇ ಕಾಣ್ತು. ಅಗ್ನೆಸ್‌ಗೆ ಹೇಳ್ದೆ, ನೋಡೇ ಕಾಣ್ತದೆ ಅಂತ. ಹೇಳಿದ್ ಮೇಲೆ ಯೋಚ್ನೆ ಬಂತು ಕಣೋ. ಚೆನ್ನಾಗಿ ಕಾಣ್ತಿದೆ ಅಂತ ನಂಗೆ ಹೇಳೋದೂ ಅದೇ ಕಣ್ಣು ತಾನೆ? ಬೇರೆಯೋರು ಯಾರಾದ್ರೂ ಹೇಳ್ಬೇಕು. ಅಲ್ಲಿದ್ದೋನು ನೀನೊಬ್ನೇ.'

ಈಗ ಹೇಳಿಬಿಡಬೇಕು. ಇಲ್ಲಿ ಪ್ರೇಮ್‌ಕುಮಾರ್ ಇಲ್ಲ, ಪ್ರೇಮಲೀಲಾ ಇಲ್ಲ, ಕೋಳಿಸಾರು ಇದೆ. ಅವರು ಬೈಯಬಹುದು, ಇಲ್ಲವೇ ಅಷ್ಟೇನಾ ಎಂದು ನಕ್ಕುಬಿಡಬಹುದು. ನಕ್ಕುಬಿಟ್ಟರೆ ಅದಕ್ಕಿಂತ ಕಷ್ಟ. ಮನೆಯಲ್ಲಿ ಅವ್ವ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ಮೈಸೂರಲ್ಲಿ ಮಗನ ಕೆಲಸ ಈ ತಿಂಗಳು ಕಾಯಂ ಎಂದು. ಇವನು ಕೇಳಿಸಿಕೊಳ್ಳದೆ ಅಂಕಿ ಹುಟ್ಟಿಸಿ ಬರೆದವನು ಎಂದು ತಿಳಿದರೆ ಯಾವ ಕಂಪನಿ ಇಟ್ಟುಕೊಳ್ಳುತ್ತದೆ? ಅಮಲರಾಜರಿಗಾದರೆ ಮಗಳು ಮರ್ಲಿನ್ ದುಡಿಯುತ್ತಿದ್ದಾಳೆ, ಇನ್ನು ಕೆಲವು ವರ್ಷಕ್ಕೆ ಹೇಗೂ ನಿವೃತ್ತಿ. ಲೆಕ್ಕ ಹಾಕುತ್ತಿದ್ದೇನೆಂದು ತಿಳಿದಾಗ ಅವನಿಗೆ ತನ್ನ ಕೊರಳು ತಾನೇ ಹಿಸುಕಿಕೊಳ್ಳುವಷ್ಟು ಸಿಟ್ಟು ಬಂತು, ಆದರೆ ಲೆಕ್ಕ ನಿಲ್ಲಲಿಲ್ಲ.

'ಅಲ್ಲೇ ಹೇಳ್ತೀನಿ ಸರ್. ಮೀಟಿಂಗಲ್ಲೇ.'

ಅಮಲರಾಜರು ಈಗ ಅವನನ್ನು ನೋಡಿದರು. ಅವರ ಮುಖ ಒಂದಿಷ್ಟು ಹಗುರಾಯಿತು. 'ಅದೂ ಸರಿಯೇ. ಎಲ್ರ ಎದುರಿಗೇ ಹೇಳು. ನನ್ ಮುಖ ನೋಡಿ ದಾಕ್ಷಿಣ್ಯ ಮಾಡ್ಬೇಡ, ತಿಳೀತಾ? ನಿಂಗೆ ಏನ್ ಕೇಳಿಸ್ತೋ ಅದನ್ನೇ ಹೇಳು. ನೀನು ಹೇಳಿದ್ನ ನಾನು ನಂಬ್ತೀನಿ.'

ಪ್ರೇಮ್‌ಕುಮಾರರ ಕೋಣೆಯಲ್ಲಿ ಎಸಿ ಜೋರಾಗಿತ್ತು. ಮೂರೂ ಜನ ಕೂತಿದ್ದರು. ತನ್ನ ಕುರ್ಚಿ ಬೇಕೆಂದೇ ಅಮಲರಾಜರ ಎದುರಿಗೆ ಹಾಕಿದ್ದಾರೆಂದು ಸ್ವರೂಪನಿಗೆ ಅನ್ನಿಸಿತು. ಪ್ರೇಮ್‌ಕುಮಾರ್ ಯಾರ ಮೇಲೂ ಸಿಟ್ಟಿಲ್ಲ ಎಂದರು. ಗಿರಾಕಿಗೆ ಉತ್ತರ ಕೊಡಬೇಕು, ಅಷ್ಟೇ ಎಂದರು. ಅಮಲರಾಜ್ ಎಷ್ಟು ದುಡಿದಿದ್ದಾರೆಂದು ಎಲ್ಲರಿಗೂ ಗೊತ್ತು, ಅವರನ್ನು ಮರ್ಯಾದೆಯಿಂದಲೇ ಕಳಿಸಿಕೊಡುತ್ತೇವೆ ಎಂದರು. ಕಳಿಸಿಕೊಡುವುದು ಮೊದಲೇ ತೀರ್ಮಾನವಾಗಿದೆ, ತಾನು ಹೇಳಿದರೂ ಅಷ್ಟೇ ಹೇಳದಿದ್ದರೂ ಅಷ್ಟೇ ಎಂದು ಸ್ವರೂಪನ ಮನಸ್ಸು ಥಟ್ಟನೆ ಆ ಮಾತನ್ನು ಹಿಡಿದುಕೊಂಡಿತು, ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ. ಆದರೆ ಅಮಲರಾಜರು ಕೇಳಿದ್ದು ಕೆಲಸದ ಮಾತಲ್ಲ, ಕಣ್ಣಿನ ಮಾತು. ಅದು ಈ ಕೋಣೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಅದು ತನ್ನ ಕೈಯಲ್ಲೇ ಇತ್ತು.

'ಸ್ವರೂಪ್, ಅವತ್ತು ನನ್ನ ಹತ್ರ ಒಪ್ಪಿದ್ರಲ್ಲ, ಅದನ್ನೇ ಇಲ್ಲಿ ಹೇಳಿ. ಓದಿದ್ದು ತಪ್ಪಾಗಿತ್ತು, ಅಲ್ವಾ?'

'ಹೂಂ...' ಎಂದ ಸ್ವರೂಪ.

'ನೋಡಿ, ಮತ್ತೆ ಹೂಂ,' ಪ್ರೇಮಲೀಲಾ ನಕ್ಕರು. ಆ ನಗೆಯಲ್ಲಿ ಕೊಂಕಿರಲಿಲ್ಲ, ಮಗುವಿಗೆ ಹೆಜ್ಜೆ ಕಲಿಸುವವರ ನಗೆ. 'ಅಡ್ಡಗೋಡೆ ಮೇಲೆ ದೀಪ ಇಡ್ಬೇಡಿ ಸ್ವರೂಪ್. ಇದು ನಿಮ್ಮ ಕೆರಿಯರ್. ಹೌದೋ ಅಲ್ವೋ, ಒಂದು ಪೂರ್ತಿ ವಾಕ್ಯ. ಬಾಯ್ಬಿಟ್ಟು ಹೇಳಿ.'

ಅಮಲರಾಜರು ಮುಂದಕ್ಕೆ ಬಾಗಿ ಕೂತರು. ಪರೀಕ್ಷೆಯ ಫಲಿತಾಂಶ ಕೇಳಲು ಬಂದ ಹುಡುಗನಂತೆ ಕೈಗಳೆರಡನ್ನೂ ತೊಡೆಯ ಮೇಲಿಟ್ಟುಕೊಂಡಿದ್ದರು. ಸ್ವರೂಪನಿಗೆ ಬಾಯಿ ತೆರೆಯುವ ಕೊನೆಯ ಗಳಿಗೆಯವರೆಗೂ ತಾನು ನಿಜ ಹೇಳುತ್ತೇನೆಂದೇ ಇತ್ತು. ಬೆಳಿಗ್ಗೆಯಿಂದ ಉರು ಹೊಡೆದ ಮಾತು ನಾಲಗೆಯ ಮೇಲೇ ಇತ್ತು. ಆದರೆ ಬಾಯಿಗೆ ಬಂದದ್ದು ಬೇರೆ, ಮತ್ತು ಅದು ಎಷ್ಟು ಸಲೀಸಾಗಿ ಬಂತೆಂದರೆ ಯಾರೋ ಪಕ್ಕದಲ್ಲಿ ಕೂತು ಹೇಳಿದ ಹಾಗಿತ್ತು.

'ಹೌದು ಸರ್. ಅಮಲರಾಜ್ ಸರ್ ಅಂಕಿಗಳನ್ನು ತಪ್ಪಾಗಿ ಓದಿದರು. ನಾನು ಕೇಳಿದ್ದನ್ನೇ ಬರೆದೆ.'

ಒಂದಕ್ಷರ ತೊದಲಲಿಲ್ಲ. ಹ ಸಹ ಹ ಆಗಿಯೇ ಹೊರಟಿತ್ತು. ಪ್ರೇಮಲೀಲಾ ಮೆಚ್ಚಿ ತಲೆಯಾಡಿಸಿದರು, ಪ್ರೇಮ್‌ಕುಮಾರ್ ಏನೋ ಬರೆದುಕೊಂಡರು. ಸ್ವರೂಪ ಅಮಲರಾಜರ ಸಿಟ್ಟಿಗೆ ಕಾದ. ಅವರು ಎದ್ದು ನಿಂತು ಸುಳ್ಳು ಹೇಳ್ತಿದೀಯಾ ಎಂದು ಕೂಗಲಿ, ಕೆನ್ನೆಗೆ ಒಂದು ಬಾರಿಸಲಿ ಎಂದು ಹಂಬಲಿಸಿದ. ಹಾಗೇನಾದರೂ ಆಗಿದ್ದರೆ ಅವನು ಅಲ್ಲೇ ಕುಸಿದು ಎಲ್ಲವನ್ನೂ ಕಕ್ಕಿಬಿಡುತ್ತಿದ್ದನೋ ಏನೋ. ಅವರು ಹಿಂದಕ್ಕೊರಗಿ, ಮೂಗಿನ ಮೇಲಿನ ಕನ್ನಡಕ ತೆಗೆದು, ಅದನ್ನು ಬೆಳಕಿಗೆ ಹಿಡಿದು ನೋಡಿದರು. 'ಹಂಗಾದ್ರೆ ಸರಿ ಸರ್,' ಎಂದರು ಪ್ರೇಮ್‌ಕುಮಾರರಿಗೆ. 'ಕಣ್ಣಿಲ್ದೋನು ಆ ಕೋಣೇಲಿ ಇರ್ಬಾರ್ದು. ನಾನೇ ಬರ್ಕೊಡ್ತೀನಿ.'

ಸಂಜೆ ಅವರು ತಮ್ಮ ಸ್ಕೂಟರನ್ನು ಕಂಪನಿಯ ಶೆಡ್ಡಿನಲ್ಲೇ ಬಿಟ್ಟು ನಡೆದು ಹೊರಟಿದ್ದು ಕಂಡು ಸ್ವರೂಪ ಬೈಕು ಬಿಟ್ಟು ಹಿಂದೆಯೇ ಓಡಿದ. ಬಿಟ್ಟು ಬರ್ತೀನಿ ಸರ್ ಎಂದರೆ ಬೇಡವೆಂದರು. ಬಸ್ ಸ್ಟಾಪಿನವರೆಗೆ ಇಬ್ಬರೂ ನಡೆದರು. ಫುಟ್‌ಪಾತಿನ ಮೇಲೆ ಅವರು ಪ್ರತಿ ಹೆಜ್ಜೆಯನ್ನೂ ನೋಡಿ ನೋಡಿ ಇಡುತ್ತಿದ್ದರು. ಬೆಳಿಗ್ಗೆ ಇದೇ ಮನುಷ್ಯ ರಿಂಗ್ ರಸ್ತೆಯ ಲಾರಿಗಳ ನಡುವೆ ಸ್ಕೂಟರ್ ಓಡಿಸಿಕೊಂಡು ಬಂದಿದ್ದರು.

'ಸ್ಕೂಟರ್ ಯಾಕೆ ಸರ್ ಬಿಟ್ರಿ?'

'ಇನ್ನೇನ್ ಮಾಡ್ಲೋ? ಕಣ್ಣು ಹಿಂಗಾದ ಮೇಲೆ ಯಾರಿಗಾದ್ರೂ ಗುದ್ಬುಟ್ರೆ? ಮರ್ಲಿನ್ ಬಂದು ತಗೊಂಡೋಗ್ತಾಳೆ ಬುಡು.' ಸ್ವಲ್ಪ ದೂರ ಹೋದ ಮೇಲೆ ಅವನ ಭುಜದ ಮೇಲೆ ಕೈಯಿಟ್ಟರು. ಅದು ಆಸರೆಗೋ ಪ್ರೀತಿಗೋ ತಿಳಿಯಲಿಲ್ಲ. 'ನಂಗೆ ಬೇಜಾರಿಲ್ಲ ಕಣೋ. ನಿಜ ಹೇಳ್ಬೇಕಂದ್ರೆ, ನೀನು ನನ್ನ ಉಳ್ಸೋಕೆ ಏನಾದ್ರೂ ಸುಳ್ಳು ಹೇಳ್ಬುಡ್ತೀಯೇನೋ ಅಂತ ಹೆದ್ರಿದ್ದೆ. ಮುಲಾಜಿಲ್ದೆ ಹೇಳ್ದೆ. ಕೆಲ್ಸದಲ್ಲಿ ಹಂಗೇ ಇರ್ಬೇಕು. ನಾನು ಇಷ್ಟು ವರ್ಷದಲ್ಲಿ ಯಾರಿಗೂ ಇದನ್ನ ಹೇಳ್ಕೊಡಕ್ಕಾಗ್ಲಿಲ್ಲ, ನೀನಾಗೇ ಕಲ್ತೆ.'

ಸ್ವರೂಪನಿಗೆ ಆ ಕೈಯ ಕೆಳಗಿನಿಂದ ಜಾರಿ ಎಲ್ಲಾದರೂ ಓಡಿಹೋಗಬೇಕೆನಿಸಿತು. ಸ್ಟಾಪಿನಲ್ಲಿ ಅವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ರಸ್ತೆಯ ಆ ತುದಿಯಲ್ಲಿ, ಹೊಗೆ ಧೂಳಿನ ನಡುವೆ, ಬಸ್ಸೊಂದು ತಿರುಗಿ ಬರುತ್ತಿತ್ತು. ಅದರ ಹಣೆಯ ಮೇಲೆ ಹಳದಿ ಬೆಳಕಿನ ಅಕ್ಷರಗಳು ಮಿಣಮಿಣ ಎನ್ನುತ್ತಿದ್ದವು. ಸ್ವರೂಪನಿಗೆ ಅಷ್ಟು ದೂರದಿಂದ ಅದು ಬರೀ ಒಂದು ಹಳದಿ ಗೆರೆ.

'ಗಾಂಧಿನಗರ, ನಮ್ಮನೆ ಕಡೇದು,' ಎಂದರು ಅಮಲರಾಜರು. ಮರುಗಳಿಗೆಯೇ ಅನುಮಾನದಿಂದ ಅವನ ಕಡೆ ತಿರುಗಿದರು. 'ನಂಗೆ ಗಾಂಧಿನಗರ ಅಂತ ಕಾಣ್ತದೆ. ಹೌದೇನೋ? ನೋಡಿ ಹೇಳು.'

ಸ್ವರೂಪ ಕಣ್ಣು ಕಿರಿದು ಮಾಡಿ ನೋಡಿದ. ಬಸ್ಸು ಸಾಕಷ್ಟು ಹತ್ತಿರ ಬಂದ ಮೇಲೆ ಗೆರೆ ಒಡೆದು ಅಕ್ಷರವಾಯಿತು. ಗಾಂಧಿನಗರ. ಹೌದು ಎಂದರೆ ಸಾಕಿತ್ತು. ಆದರೆ ಅದು ಮಧ್ಯಾಹ್ನ ಆ ಕೋಣೆಯಲ್ಲಿ ಹೇಳಿದ ಅದೇ ಹೌದು. ಇಲ್ಲಿ ಅದನ್ನು ಹೇಳಿದರೆ ಅಲ್ಲಿ ಹೇಳಿದ್ದು ಸುಳ್ಳಾಗುತ್ತದೆ. ಇಷ್ಟು ದೂರದ್ದು ಓದಿದ ಕಣ್ಣು ಅಂಗೈಯಗಲದ ಅಂಕಿಯನ್ನು ತಪ್ಪು ಓದಿತೇ ಎಂದು ಅವರು ಕೇಳುತ್ತಾರೆ. ಕೇಳಲಿ ಎಂದುಕೊಂಡ. ಬಾಯಿ ತೆರೆದ. ಹುಟ್ಟಿದಾಗಿನಿಂದ ಕೇಳಿದ್ದಕ್ಕೆಲ್ಲ ಕೇಳದ್ದಕ್ಕೆಲ್ಲ ಹೊರಡುತ್ತಿದ್ದ ಆ ಒಂದು ಸದ್ದೂ ಹೊರಡಲಿಲ್ಲ.

ಬಸ್ಸು ನಿಧಾನ ಮಾಡಿತು. ಕೈ ಎತ್ತಲು ಹೊರಟಿದ್ದ ಅಮಲರಾಜರು ಅವನ ಮುಖವನ್ನೇ ನೋಡುತ್ತ ನಿಂತಿದ್ದರು, ಅವನು ಏನೂ ಹೇಳದ್ದನ್ನು ಕಂಡು ಕೈ ಇಳಿಸಿದರು.

'ಅಲ್ವಾ? ಹೋಗ್ಲಿ ಬುಡು, ಸಂಕೋಚ ಪಡ್ಬೇಡ.'

ಯಾರೂ ಕೈ ಮಾಡದ್ದರಿಂದ ಚಾಲಕ ನಿಲ್ಲಿಸಲಿಲ್ಲ. ಬಸ್ಸು ಅವರ ಮುಂದೆಯೇ ಹಾದು ಹೋಯಿತು, ಅರ್ಧಕ್ಕರ್ಧ ಸೀಟು ಖಾಲಿ. ಅಮಲರಾಜರು ಒಂದು ಹೆಜ್ಜೆ ಹಿಂದೆ ಸರಿದು ಸ್ಟಾಪಿನ ಕಂಬವನ್ನು ಕೈಯಿಂದ ತಡವಿ ಹಿಡಿದುಕೊಂಡರು.

'ಮುಂದಿನದು ಬಂದಾಗ ನೀನೇ ನೋಡಿ ಹೇಳಪ್ಪ,' ಎಂದರು.